ಕಾಳಿ ಬಂತು, ಕಥೆ ತಂತು: ಪುಟಾಣಿಗಳಿಗೊಂದು ನಾಯಿ ಕಥಾಕೂಟ

ಎರಡು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆಗೆಂದು ಊರಿಗೆ ಹೋಗಿದ್ದ ನಮ್ಮ ಬಳಗದ ಐದು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಮನೆಯಂಗಳದಲ್ಲಿ ಆಡುತ್ತಿದ್ದಳು. ಗೇಟಿನ ಹೊರಗೆ ಬೀದಿನಾಯಿಯೊಂದು ಮರಿಗಳಿಗೆ ಹಾಲೂಡಿಸುತ್ತಾ ಮಲಗಿತ್ತು. ಇಲ್ಲಿ ಅಮೆರಿಕದ ಪಾರ್ಕುಗಳಲ್ಲಿ ಕಂಡ ಕಂಡ ನಾಯಿಯನ್ನೆಲ್ಲ ಮುದ್ದಿಸಿ ಅಭ್ಯಾಸವಾಗಿದ್ದ ಮಗು, ಮರಿಯನ್ನು ಎತ್ತಿಕೊಳ್ಳಲು ಕೈ ಚಾಚಿತು. ತಾಯಿನಾಯಿ ಗುರ್ ಎಂದು ಮೇಲೆ ಬಿತ್ತು. ಮಗು ಅಳುತ್ತಾ ಒಳಗೆ ಓಡಿ "ಅಜ್ಜಿ, ನಾಯಿ... ನಾಯಿ..." ಎಂದಿತೇ ಹೊರತು ಮುಂದಿನ ಮಾತು ಹೊರಡಲಿಲ್ಲ. 'ಕಚ್ಚಿತು' ಎಂಬ ಪದ ಅದಕ್ಕೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದು ಅಜ್ಜಿಗೆ ತಿಳಿಯಲಿಲ್ಲ. ಮಗು ನಾಯಿ ಕಂಡು ಹೆದರಿದೆ ಎಂದುಕೊಂಡ ಅಜ್ಜಿ, "ಹೋಗ್ಲಿ ಬಿಡು ಪುಟ್ಟಿ, ಓಡಿಸ್ತೀನಿ ಅದನ್ನ" ಎಂದು ಕಣ್ಣೊರೆಸಿ, ಬೆಲ್ಲ ಕೊಬ್ಬರಿ ಕೊಟ್ಟು ಸಮಾಧಾನ ಮಾಡಿದರು. ರಾತ್ರಿ ಸ್ನಾನ ಮಾಡಿಸುವಾಗ ಕಾಲಿನ ಹಿಂಬದಿಯಲ್ಲಿ ಹಲ್ಲು ತಾಗಿದ ಎರಡು ಗೀರುಗಳು ತಾಯಿಯ ಕಣ್ಣಿಗೆ ಬಿದ್ದವು. ಆ ರಾತ್ರಿಯೇ ಆಸ್ಪತ್ರೆಗೆ ಓಡಿದರು. ಲಸಿಕೆಯ ಎಲ್ಲ ಡೋಸುಗಳೂ ಆದವು. ಮಗು ಇಂದು ಕ್ಷೇಮವಾಗಿದೆ, ಆಡಿಕೊಂಡಿದೆ.

ಆದರೆ ಆ ಸುದ್ದಿ ನಮ್ಮ ನಿದ್ದೆ ಕೆಡಿಸಿತು. ರೇಬಿಸ್ ಕಾಯಿಲೆಯ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ತೀರಾ ಅಪರೂಪ. ಕಚ್ಚಿದ ಕೂಡಲೇ ಚಿಕಿತ್ಸೆ ಪಡೆದರೆ ಅದನ್ನು ಖಂಡಿತ ತಡೆಯಬಹುದು. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ಶೇಕಡಾ 99ರವರೆಗೂ ನಾಯಿಗಳಿಂದಲೇ ಬರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳು ಎಂಬುದೂ ಅದೇ ಸಂಸ್ಥೆಯ ಲೆಕ್ಕ. ಅಂದರೆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಅಂದು ಇಲ್ಲದಿದ್ದ ಒಂದೇ ಒಂದು ಕನ್ನಡ ಕ್ರಿಯಾಪದಕ್ಕೆ ಎಷ್ಟು ಬೆಲೆಯಿತ್ತು ಎಂಬುದನ್ನು ನೀವೇ ಯೋಚಿಸಿ.

"ಮಕ್ಕಳಿಗೆ ಕನ್ನಡ ಯಾಕೆ ಕಲಿಸಬೇಕು?" ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಸಂಸ್ಕೃತಿ, ಪರಂಪರೆ ಎಂದು ದೊಡ್ಡ ಮಾತುಗಳನ್ನಾಡುತ್ತೇವೆ. ಅವು ಸುಳ್ಳಲ್ಲ. ಆದರೆ ನೋವಾದಾಗ ಅಜ್ಜಿಗೆ ಹೇಳಲು ಬರಬೇಕು ಎಂಬ ಸಣ್ಣ ಕಾರಣವೇ ನಮಗೆ ಈಗ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಾಗೆ ಹುಟ್ಟಿದ್ದು ನಮ್ಮ ನಾಯಿ ಕಥಾಕೂಟ. ನಾವು ನಾಲ್ಕೈದು ಮನೆಯವರು ಸೇರಿ ಊರಿನ ಸಾರ್ವಜನಿಕ ಲೈಬ್ರರಿಯ ಕೋಣೆಯೊಂದರಲ್ಲಿ ಇದನ್ನು ನಡೆಸುತ್ತಾ ಬಂದಿದ್ದೇವೆ. ನಿಮ್ಮ ಮನೆಯ ಬೇಸ್‌ಮೆಂಟಿನಲ್ಲೂ, ಕನ್ನಡ ಕಲಿ ತರಗತಿಯಲ್ಲೂ ಇದನ್ನು ನಡೆಸಬಹುದು. ಅದರ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲ ಸಿದ್ಧತೆ

ಮೂರರಿಂದ ಏಳು ವರ್ಷದ ಮಕ್ಕಳು ಈ ಕೂಟಕ್ಕೆ ಸರಿ. ಸಂಖ್ಯೆ ಹನ್ನೆರಡು ಹದಿನೈದಕ್ಕೆ ಮೀರದಿದ್ದರೆ ಒಳ್ಳೆಯದು. ಬೆಳಗಿನ ಹೊತ್ತು, ತಿಂಡಿಯಾದ ಮೇಲೆ, ಒಟ್ಟು 45 ನಿಮಿಷ ಸಾಕು. ಮಧ್ಯಾಹ್ನ ಇಟ್ಟರೆ ಅರ್ಧ ಮಕ್ಕಳು ತೂಕಡಿಸುತ್ತಾರೆ, ಉಳಿದರ್ಧ ರಚ್ಚೆ ಹಿಡಿಯುತ್ತಾರೆ. ತಂದೆತಾಯಿ ಮಕ್ಕಳನ್ನು ಬಿಟ್ಟು ಕಾಫಿಗೆ ಹೋಗುವಂತಿಲ್ಲ. ಪಕ್ಕದಲ್ಲೇ ಚಾಪೆಯ ಮೇಲೆ ಕೂರಬೇಕು. ಮನೆಗೆ ಹೋಗಿ ಇದೇ ಕಥೆಗಳನ್ನು ಮತ್ತೆ ಹೇಳಬೇಕಾದವರು ಅವರೇ ತಾನೆ?

ಒಂದು ವಾರ ಮೊದಲೇ ಪ್ರತಿ ಮನೆಗೂ ಫೋನು ಮಾಡಿ ಮೂರು ಪ್ರಶ್ನೆ ಕೇಳಿ. ಮಗುವಿಗೆ ನಾಯಿ ಕಂಡರೆ ಭಯವೇ? ನಾಯಿಯ ಕೂದಲಿನ ಅಲರ್ಜಿ ಇದೆಯೇ? ಹಿಂದೆ ಎಂದಾದರೂ ನಾಯಿ ಕಚ್ಚಿದೆಯೇ? ಈ ಪ್ರಶ್ನೆಗಳನ್ನು ಕೇಳದೆ ನಾವು ಮೊದಲ ಸಲ ಪೆಟ್ಟು ತಿಂದೆವು. ಗೆಳೆಯರೊಬ್ಬರ ಸಾಧು ನಾಯಿಯನ್ನು ಹೇಳದೆ ಕೇಳದೆ ಕರೆತಂದಿದ್ದೆವು. ಮಕ್ಕಳಿಗೆ ಅಚ್ಚರಿಯಾಗಲಿ ಎಂಬ ಆಸೆ. ಅಚ್ಚರಿಯಾಗುವ ಬದಲು ಎರಡು ಮಕ್ಕಳು ಕಿಟಾರನೆ ಕಿರುಚಿ ಅಮ್ಮನ ಸೆರಗು ಹಿಡಿದವು, ಒಬ್ಬ ತಂದೆಯೇ ಕುರ್ಚಿ ಹತ್ತಿ ನಿಂತರು. ಅಂದಿನ ಕಥೆ ಅಲ್ಲಿಗೇ ಮುಗಿಯಿತು. ತಪ್ಪು ನಮ್ಮದೇ. ಅಂದಿನಿಂದ ನಿಜವಾದ ನಾಯಿಗೆ ಕೂಟದೊಳಗೆ ಪ್ರವೇಶವಿಲ್ಲ.

ಕಾಳಿಗೆ ಕನ್ನಡ ಮಾತ್ರ ಗೊತ್ತು

ನಿಜವಾದ ನಾಯಿಯ ಬದಲು ಬಂದದ್ದು ಕಾಳಿ. ಹಳೆಯ ಕಪ್ಪು ಕಾಲುಚೀಲಕ್ಕೆ ಎರಡು ಗುಂಡಿಗಳ ಕಣ್ಣು, ಕೆಂಪು ಬಟ್ಟೆಯ ನಾಲಿಗೆ, ತುಂಡು ಉಲ್ಲನ್ನಿನ ಕಿವಿ ಹೊಲಿದರೆ ಕೈಬೊಂಬೆ ಸಿದ್ಧ. ಖರ್ಚು ಒಂದು ಡಾಲರೂ ಇಲ್ಲ. ಆದರೆ ಈ ಬೊಂಬೆಗೆ ಒಂದು ಗುಣವಿದೆ: ಕಾಳಿ ಊರಿನಿಂದ ಬಂದ ನಾಯಿ, ಅದಕ್ಕೆ ಇಂಗ್ಲಿಷ್ ಬರುವುದಿಲ್ಲ. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಕಾಳಿ ತಲೆ ಓರೆ ಮಾಡಿ ಸುಮ್ಮನೆ ನೋಡುತ್ತದೆ. ಕನ್ನಡದಲ್ಲಿ "ಬಾ" ಎಂದರೆ ಬರುತ್ತದೆ, "ಕೂತ್ಕೋ" ಎಂದರೆ ಕೂರುತ್ತದೆ.

ನಾವು ದೊಡ್ಡವರು "ಕನ್ನಡದಲ್ಲಿ ಮಾತಾಡು" ಎಂದು ನೂರು ಸಲ ಹೇಳಿದರೂ ಕೇಳದ ಮಕ್ಕಳು ಕಾಲುಚೀಲದ ನಾಯಿಯ ಮಾತು ಕೇಳುತ್ತವೆ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ನಮ್ಮಲ್ಲುಂಟು. ನಮ್ಮ ಕೂಟದಲ್ಲಿ ನಾಯಿಯೇ ಮಕ್ಕಳಿಗೆ ಹೇಳಿಕೊಡುತ್ತದೆ. ನಾಲ್ಕು ವರ್ಷದ ಹುಡುಗನೊಬ್ಬ ಮನೆಯಲ್ಲಿ ಎಲ್ಲ ಅರ್ಥವಾದರೂ ಒಂದಕ್ಷರ ಕನ್ನಡ ಆಡುತ್ತಿರಲಿಲ್ಲ. ಮೂರನೆಯ ಕೂಟದಲ್ಲಿ ಅವನು ಕಾಳಿಯ ಕಿವಿಯ ಹತ್ತಿರ ಬಾಯಿ ತಂದು "ನಿಂಗೆ ಹಸಿವಾ?" ಎಂದು ಪಿಸುಗುಟ್ಟಿದ. ಅವನ ತಾಯಿ ನಮ್ಮ ಕಡೆ ನೋಡಿದರು, ನಾವು ಬೇರೆ ಕಡೆ ನೋಡಿದೆವು. ಮಗು ಮಾತಾಡಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಬಾಯಿ ಮುಚ್ಚಿಬಿಡುತ್ತದೆ.

ಇದರ ಹಿಂದಿನ ಯೋಚನೆ ಹೊಸದೇನಲ್ಲ. 1999ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್ ಎಂಬ ಸಂಸ್ಥೆ ಮಕ್ಕಳು ತರಬೇತಾದ ನಾಯಿಗಳಿಗೆ ಪುಸ್ತಕ ಓದಿ ಹೇಳುವ 'ರೀಡ್' ಎಂಬ ಕಾರ್ಯಕ್ರಮ ಆರಂಭಿಸಿತು. ನಾಯಿ ತಪ್ಪು ಹುಡುಕುವುದಿಲ್ಲ, ನಗುವುದಿಲ್ಲ, ಅವಸರ ಮಾಡುವುದಿಲ್ಲ. ತೊದಲುವ ಮಗುವಿಗೆ ಬೇಕಾದದ್ದು ಅಂಥ ಕೇಳುಗ. ನಿಮ್ಮ ಊರಿನ ಲೈಬ್ರರಿಯಲ್ಲೂ ಇಂಥ ಕಾರ್ಯಕ್ರಮ ಇರಬಹುದು, ವಿಚಾರಿಸಿ. ಭಯವಿಲ್ಲದ ಮಕ್ಕಳು ಅಲ್ಲಿಗೆ ಕನ್ನಡ ಪುಸ್ತಕವನ್ನೇ ಹಿಡಿದುಕೊಂಡು ಹೋಗಲಿ. ನಾಯಿಯೇನೂ ಬೇಡವೆನ್ನುವುದಿಲ್ಲ!

ಯಾವ ಕಥೆ, ಯಾವ ಪುಸ್ತಕ?

ಆರಂಭಕ್ಕೆ ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನಮಗೆಲ್ಲ ಬಾಯಿಪಾಠವಾದ ಆ ಪದ್ಯ ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ, ಮತ್ತೆ ಉತ್ತರ ಎಂದು ಸಾಗುತ್ತದೆ. ಆದ್ದರಿಂದ ತಂದೆತಾಯಿ ಪ್ರಶ್ನೆಯ ಸಾಲುಗಳನ್ನೂ ಮಕ್ಕಳು ನಾಯಿಮರಿಯ ಸಾಲುಗಳನ್ನೂ ಹೇಳಬಹುದು. ಎರಡನೆಯ ಸುತ್ತಿನಲ್ಲಿ ಅದಲು ಬದಲು ಮಾಡಿ.

ಆಮೇಲೆ ಚಿತ್ರಪುಸ್ತಕ. ಇಲ್ಲಿಯ ಯಾವುದೇ ಲೈಬ್ರರಿಯಲ್ಲಿ ಸಾಮಾನ್ಯವಾಗಿ ಸಿಗುವ ಮೂರು ಪುಸ್ತಕಗಳನ್ನು ನಾವು ಚಿತ್ರ ತೋರಿಸುತ್ತಾ ಕನ್ನಡದಲ್ಲೇ ಹೇಳುತ್ತೇವೆ.

ಮೊದಲನೆಯದು ಎರಿಕ್ ಹಿಲ್ ಅವರ 'ವೇರ್ ಈಸ್ ಸ್ಪಾಟ್?' 1980ರಲ್ಲಿ ಬಂದ ಈ ಪುಸ್ತಕದಲ್ಲಿ ತಾಯಿನಾಯಿ ತನ್ನ ಮರಿಯನ್ನು ಮನೆಯೆಲ್ಲ ಹುಡುಕುತ್ತದೆ. ಪ್ರತಿ ಪುಟದಲ್ಲೂ ಎತ್ತಿ ನೋಡುವ ಮುಚ್ಚಳವಿದೆ. ಬಾಗಿಲ ಹಿಂದೆ, ಗಡಿಯಾರದ ಒಳಗೆ, ಮೆಟ್ಟಿಲ ಕೆಳಗೆ, ಮಂಚದ ಕೆಳಗೆ! ವ್ಯಾಕರಣದ ಹೆಸರೆತ್ತದೆ ಹಿಂದೆ, ಮುಂದೆ, ಒಳಗೆ, ಕೆಳಗೆ ಎಲ್ಲವೂ ಬಾಯಿಗೆ ಬರುತ್ತವೆ. ಎಲ್ಲಕ್ಕಿಂತ ಚಿಕ್ಕವರಿಗೆ ಇದೇ ಸರಿ.

ಎರಡನೆಯದು ಜೂಲ್ಸ್ ಫೈಫರ್ ಅವರ 1999ರ 'ಬಾರ್ಕ್, ಜಾರ್ಜ್'. ಬೊಗಳು ಎಂದರೆ ಬೆಕ್ಕಿನಂತೆ, ಬಾತುಕೋಳಿಯಂತೆ, ಹಂದಿಯಂತೆ, ಹಸುವಿನಂತೆ ಕೂಗುವ ನಾಯಿಮರಿಯ ಕಥೆ. ಇಲ್ಲಿ ಕನ್ನಡದ ದನಿಗಳನ್ನು ಕಲಿಸಬಹುದು: ನಾಯಿ ಬೌ ಬೌ ಎಂದು ಬೊಗಳುತ್ತದೆ, ಬೆಕ್ಕು ಮಿಯಾಂವ್ ಎನ್ನುತ್ತದೆ, ಹಸು ಅಂಬಾ ಎನ್ನುತ್ತದೆ. ಕೋಪ ಬಂದರೆ ನಾಯಿ ಗುರ್ ಎನ್ನುತ್ತದೆ, ನೋವಾದರೆ ಕುಂಯ್ ಕುಂಯ್ ಎನ್ನುತ್ತದೆ, ರಾತ್ರಿ ಊಳಿಡುತ್ತದೆ. ಗುರ್ ಎನ್ನುವುದಕ್ಕೂ ಬೌ ಎನ್ನುವುದಕ್ಕೂ ಇರುವ ವ್ಯತ್ಯಾಸ ಮಗುವಿಗೆ ತಿಳಿದಿರಲೇಬೇಕು. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಮೂರನೆಯದು ಜೀನ್ ಜಯಾನ್ ಬರೆದು ಮಾರ್ಗರೆಟ್ ಬ್ಲಾಯ್ ಗ್ರಹಾಂ ಚಿತ್ರ ಬರೆದ 1956ರ 'ಹ್ಯಾರಿ ದ ಡರ್ಟಿ ಡಾಗ್'. ಸ್ನಾನವೆಂದರಾಗದ ನಾಯಿ ಮೈಯೆಲ್ಲ ಕೊಳೆ ಮಾಡಿಕೊಂಡು ಮನೆಗೆ ಬಂದಾಗ ಮನೆಯವರಿಗೇ ಗುರುತು ಸಿಗುವುದಿಲ್ಲ. ಐದು ದಾಟಿದ ಮಕ್ಕಳಿಗೆ ಇದು ಬಹಳ ಇಷ್ಟ.

ಕನ್ನಡದ್ದೇ ಪುಸ್ತಕ ಬೇಕೆಂದರೆ ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ಇದೆ. 2015ರಲ್ಲಿ ಆರಂಭವಾದ ಈ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಅಣ್ಣ ಅಕ್ಕಂದಿರಿಗೂ, ಚಾಪೆಯ ಮೇಲೆ ಕುಳಿತ ಅಪ್ಪ ಅಮ್ಮಂದಿರಿಗೂ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಇದೆ. ಅದರಲ್ಲಿ ಬರುವ ಕಿವಿ ಎಂಬ ನಾಯಿಯನ್ನು ಓದಿದವರು ಯಾರೂ ಮರೆಯಲಾರರು.

ಕಲ್ಲಿನ ಮೇಲಿನ ಕಾಳಿ

ನಮ್ಮ ಬೊಂಬೆಗೆ ಕಾಳಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಕಾಲದ ಒಂದು ಕನ್ನಡ ಶಾಸನ ಸಿಕ್ಕಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ, ಏನು ಬೇಕೋ ಕೇಳು ಎಂದು ಬೂತುಗ ಹೇಳಿದ. ಮಣಲೇರ ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಬೂತುಗನ ನಾಯಿ ಕಾಳಿಯನ್ನು ಕೊಡಿ ಎಂದ! ಮುಂದೆ ಬೆಳತೂರಿನ ಪಶ್ಚಿಮದ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಛೂ ಬಿಟ್ಟರು. ಹೋರಾಡಿ ಹೋರಾಡಿ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಪೂಜಾರಿ ಊಟ ಮಾಡಿದರೆ ಪಾಪ ಬರುತ್ತದೆ ಎಂದೂ ಶಾಸನ ಹೇಳುತ್ತದೆ. ನಾಯಿ ಮತ್ತು ಹಂದಿಯ ಕಾದಾಟದ ಕೆತ್ತನೆಯಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಸಾವಿನ ಕಥೆಯನ್ನು ಪುಟ್ಟ ಮಕ್ಕಳಿಗೆ ಹೇಳಬಹುದೇ ಎಂದು ನಮ್ಮಲ್ಲೇ ಚರ್ಚೆಯಾಯಿತು. ಯುದ್ಧದ ಭಾಗವನ್ನು ಎರಡೇ ವಾಕ್ಯಕ್ಕೆ ಇಳಿಸಿ, ಕೊನೆಯನ್ನು ಮಾತ್ರ ಬದಲಿಸದೆ ಹೇಳುವುದೆಂದು ತೀರ್ಮಾನಿಸಿದೆವು. ಒಂದು ಮಗು "ಕಾಳಿ ಎದ್ದು ಬರಲ್ವಾ?" ಎಂದು ಕೇಳಿತು. "ಇಲ್ಲ ಕಂದಾ, ಬರಲ್ಲ. ಆದ್ರೆ ಸಾವಿರ ವರ್ಷ ಆದ್ರೂ ಅದರ ಹೆಸರು ಕಲ್ಲಿನ ಮೇಲೆ ಹಾಗೇ ಇದೆ" ಎಂದೆವು. ಮಗು ಸ್ವಲ್ಪ ಯೋಚಿಸಿ "ಕನ್ನಡದಲ್ಲಾ?" ಎಂದಿತು. ಹೌದು, ಕನ್ನಡದಲ್ಲೇ.

45 ನಿಮಿಷದ ಕ್ರಮ

1. ಸ್ವಾಗತ, ಕಾಳಿಗೆ ಎಲ್ಲರ ಹೆಸರು ಹೇಳುವುದು: 5 ನಿಮಿಷ.
2. ನಾಯಿಮರಿಯ ಪದ್ಯ, ಎರಡು ಸುತ್ತು: 5 ನಿಮಿಷ.
3. ಒಂದು ಚಿತ್ರಪುಸ್ತಕ: 10 ನಿಮಿಷ.
4. 'ಮರ ಆಗು' ಆಟ: 5 ನಿಮಿಷ.
5. ಆತಕೂರಿನ ಕಾಳಿಯ ಕಥೆ: 10 ನಿಮಿಷ.
6. ಕೈಕೆಲಸ: 10 ನಿಮಿಷ.

ಕೈಕೆಲಸಕ್ಕೆ ಬೂದು ಬಣ್ಣದ ದಪ್ಪ ಕಾಗದವನ್ನು ಕಲ್ಲಿನ ಆಕಾರಕ್ಕೆ ಮೊದಲೇ ಕತ್ತರಿಸಿಟ್ಟುಕೊಳ್ಳಿ. ಮಕ್ಕಳು ಅದರ ಮೇಲೆ ನಾಯಿಯ ಚಿತ್ರ ಬರೆದು ಕೆಳಗೆ 'ಕಾಳಿ' ಎಂದು ಬರೆಯಲಿ. ಎರಡೇ ಅಕ್ಷರ, ನಾಲ್ಕು ವರ್ಷದವರೂ ನೋಡಿಕೊಂಡು ಬರೆಯುತ್ತಾರೆ. ನಾಯಿ ಹೇಗಿರಬೇಕು ಎಂದು ಕೇಳಿದವರಿಗೆ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರ ತೋರಿಸುತ್ತೇವೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿಯನ್ನೇ ಹೊರಡಿಸಿತ್ತು ಎಂದರೆ ಮಕ್ಕಳಿಗಿಂತ ಅಪ್ಪಂದಿರಿಗೆ ಹೆಚ್ಚು ಹೆಮ್ಮೆ.

ಕಥೆ ಹೇಳುವಾಗ ಓದಿಕೊಂಡು ಹೋಗಬೇಡಿ, ಕೇಳಿಕೊಂಡು ಹೋಗಿ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು, ತಂದೆತಾಯಿ ಚಿತ್ರಪುಸ್ತಕ ಓದುವಾಗ ಮಗುವನ್ನು ಪ್ರಶ್ನಿಸಿ ಮಾತಾಡಿಸಿದರೆ ಭಾಷೆ ಬೇಗ ಬೆಳೆಯುತ್ತದೆಂದು ತೋರಿಸಿದರು. ನಾವು ಅದನ್ನು ನಾಲ್ಕು ಮೆಟ್ಟಿಲಾಗಿ ನೆನಪಿಟ್ಟುಕೊಂಡಿದ್ದೇವೆ: ಕೇಳಿ, ಒಪ್ಪಿ, ಬೆಳೆಸಿ, ಮತ್ತೆ ಹೇಳಿಸಿ. "ಇದೇನು?" ಎಂದು ಕೇಳಿ. ಮಗು "ನಾಯಿ" ಎಂದರೆ "ಹೌದು, ನಾಯಿ" ಎಂದು ಒಪ್ಪಿ. "ಕೊಳೆಯಾದ ನಾಯಿ" ಎಂದು ಬೆಳೆಸಿ. ಅದನ್ನು ಮಗುವಿನಿಂದ ಮತ್ತೆ ಹೇಳಿಸಿ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಗದರಬೇಡಿ; ಒಪ್ಪಿಕೊಂಡು, ಅದನ್ನೇ ಕನ್ನಡದಲ್ಲಿ ಹೇಳಿ ಮುಂದುವರಿಯಿರಿ.

ಮರ ಆಗು, ಕಲ್ಲಾಗು

ಇಡೀ ಕೂಟದಲ್ಲಿ ನಾವು ಎಂದೂ ಕೈಬಿಡದ ಐದು ನಿಮಿಷ ಇದು. ಇಲ್ಲಿಯ ಶಾಲೆಗಳಲ್ಲೂ ನಾಯಿ ಕಡಿತ ತಡೆಯಲು ಹೇಳಿಕೊಡುವ ಉಪಾಯವನ್ನೇ ನಾವು ಕನ್ನಡದ ಆಟ ಮಾಡಿಕೊಂಡಿದ್ದೇವೆ. ಪರಿಚಯವಿಲ್ಲದ ನಾಯಿ ಹತ್ತಿರ ಬಂದರೆ ಓಡಬೇಡ, ಕಿರುಚಬೇಡ. ಮರ ಆಗು! ನಿಂತಲ್ಲೇ ನಿಲ್ಲು, ರೆಂಬೆಗಳಂತೆ ಕೈಗಳನ್ನು ಮೈಗೆ ಸೇರಿಸಿ ಮಡಚು, ಬೇರು ನೋಡುವಂತೆ ನಿನ್ನ ಕಾಲು ನೋಡು, ನಾಯಿ ಹೋಗುವವರೆಗೂ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸು. ನಾಯಿ ಕೆಡವಿದರೆ ಕಲ್ಲಾಗು: ಮುದುರಿಕೊಂಡು ಕತ್ತು ಮತ್ತು ಕಿವಿಗಳನ್ನು ಕೈಯಿಂದ ಮುಚ್ಚಿಕೋ. ಕಾಳಿ ಒಬ್ಬೊಬ್ಬರ ಹತ್ತಿರವೂ ಬಂದು ಮೂಸುತ್ತದೆ, ಅಲುಗಾಡಿದವರು ಔಟ್. ಮಕ್ಕಳು ಇದನ್ನು ಹತ್ತು ಸಲ ಆಡಿಸಿದರೂ ಬೇಡವೆನ್ನುವುದಿಲ್ಲ.

ಜೊತೆಗೆ ನಾಲ್ಕು ಮಾತು. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ಯಾರದೇ ನಾಯಿಯಾದರೂ ಯಜಮಾನರನ್ನು ಕೇಳದೆ ಮುಟ್ಟಬಾರದು. ಗುರ್ ಎಂದರೆ "ದೂರ ಹೋಗು" ಎಂದರ್ಥ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಮನುಷ್ಯರ ವಿಷಯಕ್ಕೆ ಇಟ್ಟುಕೊಳ್ಳೋಣ, ನಾಯಿಯ ವಿಷಯದಲ್ಲಿ ನಂಬುವುದು ಬೇಡ.

ಕೊನೆಗೆ ಎಲ್ಲರೂ ಒಟ್ಟಾಗಿ ಮೂರು ವಾಕ್ಯ ಹೇಳುತ್ತೇವೆ: "ನಾಯಿ ಕಚ್ಚಿತು." "ನಾಯಿ ಪರಚಿತು." "ಇಲ್ಲಿ ನೋವು." ಹೇಳಿದರೆ ಯಾರೂ ಬೈಯುವುದಿಲ್ಲ ಎಂದು ತಂದೆತಾಯಿ ಅಲ್ಲೇ ಮಗುವಿಗೆ ಮಾತು ಕೊಡಬೇಕು. ಬೈಗುಳದ ಭಯಕ್ಕೆ ಗಾಯ ಮುಚ್ಚಿಡುವ ಮಕ್ಕಳೂ ಇದ್ದಾರೆ. ದೊಡ್ಡವರು ನೆನಪಿಡಬೇಕಾದದ್ದು ಇಷ್ಟು: ಗಾಯ ಚಿಕ್ಕದಿರಲಿ ದೊಡ್ಡದಿರಲಿ, ತಕ್ಷಣ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು, ಅಂದೇ ವೈದ್ಯರ ಬಳಿ ಹೋಗಿ ಅವರು ಹೇಳಿದ ಅಷ್ಟೂ ಡೋಸುಗಳನ್ನು ಮುಗಿಸಬೇಕು. ರಜೆಗೆ ಹೊರಡುವ ಮೊದಲೇ ಮಕ್ಕಳ ವೈದ್ಯರೊಂದಿಗೆ ಮುಂಜಾಗ್ರತೆಯ ಲಸಿಕೆಯ ಬಗ್ಗೆ ಮಾತಾಡುವುದೂ ಒಳ್ಳೆಯದು.

ಕೊನೆಯದಾಗಿ

ಮೊದಲು ಹೇಳಿದ ಆ ಹುಡುಗಿಗೆ ಈಗ ಏಳು ವರ್ಷ. ಒಂದು ವರ್ಷ ಅವಳು ನಾಯಿ ಕಂಡರೆ ರಸ್ತೆ ದಾಟಿ ಹೋಗುತ್ತಿದ್ದಳು. ಕೂಟಕ್ಕೆ ಬಂದ ಮೊದಲ ದಿನ ಕಾಲುಚೀಲದ ಕಾಳಿಯನ್ನೂ ಮುಟ್ಟಲಿಲ್ಲ. ಅಮ್ಮನ ತೊಡೆಯ ಮೇಲಿಂದಲೇ ನೋಡಿದಳು. ನಾವೂ ಒತ್ತಾಯಿಸಲಿಲ್ಲ. ಈಗ ಪುಟ್ಟ ಮಕ್ಕಳಿಗೆ 'ಮರ ಆಗು' ಆಟ ಆಡಿಸುವವಳು ಅವಳೇ. ಕಳೆದ ತಿಂಗಳು ಫೋನಿನ ವೀಡಿಯೊದಲ್ಲಿ ಊರಿನ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿ, "ಅಜ್ಜಿ, ಅಲುಗಾಡ್ಬೇಡ, ಕಾಲು ನೋಡ್ಕೋ" ಎಂದು ಹೇಳಿಕೊಟ್ಟಳಂತೆ. ಅಜ್ಜಿ ಮಂಡಿನೋವು ಮರೆತು ಮರವಾಗಿ ನಿಂತರಂತೆ.

ಇದಕ್ಕೆ ಬೇಕಾದದ್ದು ಒಂದು ಹಳೆಯ ಕಾಲುಚೀಲ, ಲೈಬ್ರರಿಯ ಕಾರ್ಡು, ತಿಂಗಳಿಗೊಂದು ಶನಿವಾರದ ಬೆಳಗು. ಈ ಸ್ಮರಣ ಸಂಚಿಕೆಗೆ ನೀವು ಕೊಟ್ಟ ಹಣ ಊರಿನ ಮಕ್ಕಳ ಕೈಗೆ ಪುಸ್ತಕವಾಗಿ ತಲುಪುತ್ತದೆ; ಅದಕ್ಕಾಗಿ ನಾವು ಕೃತಜ್ಞರು. ನಿಮ್ಮ ಸಮಯದ ಒಂದು ಪಾಲನ್ನು ಇಲ್ಲಿಯ ಮಕ್ಕಳಿಗೂ ಕೊಡಿ ಎಂಬುದು ನಮ್ಮ ಕೋರಿಕೆ. ನಿಮ್ಮ ಊರಿನಲ್ಲಿ ಕೂಟ ಆರಂಭಿಸುವುದಾದರೆ ನಮ್ಮ ಬಳಗದವರು ಯಾರನ್ನಾದರೂ ಕೇಳಿ, ಕಾಳಿಯನ್ನು ಕಳಿಸಿಕೊಡುತ್ತೇವೆ. ಆದರೆ ನೆನಪಿರಲಿ, ಅದನ್ನು ಕನ್ನಡದಲ್ಲೇ ಮಾತಾಡಿಸಬೇಕು!